ಒಂದೇ ನಾಡು, ಎರಡು ಮಹಾಪ್ರಬಂಧ: ಎಂ. ಎನ್. ಶ್ರೀನಿವಾಸರ ಸಂಶೋಧನಾ ಜೀವನ

ಮುಂಬಯಿಗೆ ಕನ್ನಡಿಗರು ಬಂದ ದಾರಿಗಳು ಹಲವು. ಹೋಟೆಲಿನ ಕೆಲಸಕ್ಕೆಂದು ಬಂದವರುಂಟು. ಗಿರಣಿಗೆ, ಬಂದರಿಗೆ, ಬ್ಯಾಂಕಿಗೆ ಬಂದವರುಂಟು. ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರ ಕಥೆಗಳಂತೂ ನಮ್ಮ ಹಿರಿಯರ ನೆನಪಿನಲ್ಲಿ ಇನ್ನೂ ಹಸಿರಾಗಿವೆ. 1936ರಲ್ಲಿ ಮೈಸೂರಿನಿಂದ ಈ ನಗರಕ್ಕೆ ಬಂದ, ಇನ್ನೂ ಇಪ್ಪತ್ತು ತುಂಬದ ಯುವಕರೊಬ್ಬರ ಉದ್ದೇಶ ಇವೆಲ್ಲಕ್ಕಿಂತ ಬೇರೆಯಾಗಿತ್ತು. ಅವರಿಗೆ ಬೇಕಾಗಿದ್ದುದು ಉದ್ಯೋಗವಲ್ಲ, ಒಬ್ಬ ಗುರು. ಅವರೇ ಮುಂದೆ ಭಾರತೀಯ ಸಮಾಜಶಾಸ್ತ್ರದ ಅಗ್ರಗಣ್ಯರೆನಿಸಿದ ಮೈಸೂರು ನರಸಿಂಹಾಚಾರ್ ಶ್ರೀನಿವಾಸ್. ಸಂಸ್ಕೃತೀಕರಣ, ಪ್ರಬಲ ಜಾತಿ, ವೋಟ್ ಬ್ಯಾಂಕ್ ಎಂಬ ಮಾತುಗಳು ಇಂದು ಪತ್ರಿಕೆಗಳಲ್ಲಿ, ಚುನಾವಣೆಯ ಹರಟೆಗಳಲ್ಲಿ ನಿರಾಯಾಸವಾಗಿ ಬಳಕೆಯಾಗುತ್ತಿವೆ. ಅವುಗಳ ಹಿಂದೆ ಈ ಕನ್ನಡಿಗರ ಲೇಖನಿ ಇದೆಯೆಂಬುದು ಮಾತ್ರ ಬಹಳ ಜನರಿಗೆ ತಿಳಿಯದು.

ಅವರ ಪರಿಕಲ್ಪನೆಗಳ ಬಗ್ಗೆ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಈ ಲೇಖನದ ಆಸಕ್ತಿ ಬೇರೊಂದು. ನಮ್ಮ ಮನೆಗಳ ಮಕ್ಕಳು ಈಗ ಡಾಕ್ಟರೇಟ್ ಸಂಶೋಧನೆಗೆ ಹೆಸರು ನೋಂದಾಯಿಸುವುದು ಅಪರೂಪವಲ್ಲ. ಯಾವ ವಿಷಯ, ಯಾರ ಮಾರ್ಗದರ್ಶನ, ಎಷ್ಟು ವರ್ಷ, ಮಧ್ಯದಲ್ಲಿ ಮಾರ್ಗದರ್ಶಕರು ನಿವೃತ್ತರಾದರೆ ಗತಿಯೇನು ಎಂಬ ಪ್ರಶ್ನೆಗಳು ಊಟದ ಹೊತ್ತಿನಲ್ಲಿಯೂ ಕೇಳಿಬರುತ್ತವೆ. ಶ್ರೀನಿವಾಸರು ಈ ಎಲ್ಲ ಪ್ರಶ್ನೆಗಳನ್ನೂ ಸ್ವತಃ ಎದುರಿಸಿದವರು. ಒಂದೇ ನಾಡಿನ ಬಗ್ಗೆ, ಬಹುಮಟ್ಟಿಗೆ ಒಂದೇ ಸಾಮಗ್ರಿಯನ್ನು ಇಟ್ಟುಕೊಂಡು, ಅವರು ಎರಡು ವಿಶ್ವವಿದ್ಯಾಲಯಗಳಿಗೆ ಎರಡು ಮಹಾಪ್ರಬಂಧಗಳನ್ನು ಬರೆದರು. ಮೂವರು ಮಾರ್ಗದರ್ಶಕರ ಕೈಕೆಳಗೆ ಕೆಲಸ ಮಾಡಿದರು. ಆ ಮೂವರಲ್ಲಿ ಒಬ್ಬರ ದೃಷ್ಟಿ ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ.

ಶ್ರೀನಿವಾಸರು ಮೈಸೂರಿನಲ್ಲಿ ಹುಟ್ಟಿದ್ದು 1916ರ ನವೆಂಬರ್ 16ರಂದು. ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದದ್ದೂ ಅದೇ ವರ್ಷ. ಅವರದು ಅಯ್ಯಂಗಾರ್ ಮನೆತನ. ಮೂಲ ಊರು ಅರಕೆರೆ, ಅಲ್ಲಿ ಜಮೀನಿತ್ತು. ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಕುಟುಂಬ ಪಟ್ಟಣಕ್ಕೆ ಬಂದು ನೆಲೆಸಿತ್ತು. ಕಾಲೇಜು ರಸ್ತೆಯ ಅವರ ಮನೆಯ ಹಿಂಬದಿಗೆ ಸ್ವಲ್ಪವೇ ದೂರದಲ್ಲಿ ಬಂಡಿಕೇರಿ ಎಂಬ ಕುರುಬರ ಕೇರಿ. ಮುಂದಿನ ಬಾಗಿಲಲ್ಲಿ ಒಂದು ಲೋಕ, ಹಿತ್ತಿಲ ಗೋಡೆಯಾಚೆಗೆ ಇನ್ನೊಂದು ಲೋಕ. ಊಟ, ಉಡುಪು, ಹಬ್ಬ, ಜಗಳ, ಮಾತಿನ ಧಾಟಿ ಎಲ್ಲವೂ ಬೇರೆ. ಬೇರೆ ಸಂಸ್ಕೃತಿಯೊಂದರ ಮುಂದೆ ಬೆರಗಾಗಿ ನಿಲ್ಲುವ ಅನುಭವ ತಮಗೆ ಮೊದಲು ಆದದ್ದು ಆ ಕೇರಿಯಲ್ಲೇ ಎಂದು ಅವರು ಮುಪ್ಪಿನಲ್ಲಿ ನೆನೆದಿದ್ದಾರೆ. ಮಹಾರಾಜಾ ಕಾಲೇಜಿನಲ್ಲಿ ಅವರು ಆರಿಸಿಕೊಂಡದ್ದು ಸಮಾಜ ದರ್ಶನದ ಆನರ್ಸ್ ಪದವಿ. ಪ್ರೊ. ಎ. ಆರ್. ವಾಡಿಯಾ ಅವರಂಥವರು ಆ ವಿಭಾಗವನ್ನು ಕಟ್ಟಿದ್ದರು. 1936ರಲ್ಲಿ ಪದವಿ ಮುಗಿಯಿತು. ಸಮಾಜಶಾಸ್ತ್ರದಲ್ಲಿ ಉನ್ನತ ಸಂಶೋಧನೆ ನಡೆಸಲು ಆಗ ಭಾರತದಲ್ಲಿ ಹೆಚ್ಚು ಬಾಗಿಲುಗಳು ತೆರೆದಿರಲಿಲ್ಲ. ತೆರೆದಿದ್ದ ಬಾಗಿಲುಗಳಲ್ಲಿ ಮುಖ್ಯವಾದದ್ದು ಮುಂಬಯಿ ವಿಶ್ವವಿದ್ಯಾಲಯದ್ದು. ಅಲ್ಲಿ ಗೋವಿಂದ ಸದಾಶಿವ ಘುರ್ಯೆ ಇದ್ದರು.

ಘುರ್ಯೆಯವರ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಅವರು ಸಂಸ್ಕೃತ ವಿದ್ವಾಂಸರು. ಇಂಗ್ಲೆಂಡಿಗೆ ಹೋಗಿ ಕೇಂಬ್ರಿಡ್ಜ್‌ನಲ್ಲಿ ಡಬ್ಲ್ಯು. ಎಚ್. ಆರ್. ರಿವರ್ಸ್ ಅವರ ಶಿಷ್ಯರಾದರು. 1922ರಲ್ಲಿ ರಿವರ್ಸ್ ಹಠಾತ್ತನೆ ತೀರಿಕೊಂಡಾಗ ಎ. ಸಿ. ಹ್ಯಾಡನ್ ಅವರ ಆಶ್ರಯದಲ್ಲಿ ಪ್ರಬಂಧವನ್ನು ಮುಗಿಸಿದರು. ದಾರಿಯ ನಡುವೆ ಮಾರ್ಗದರ್ಶಕರನ್ನು ಕಳೆದುಕೊಳ್ಳುವುದೆಂದರೇನೆಂದು ಅವರಿಗೆ ಗೊತ್ತಿತ್ತು. ಅವರ ಶಿಷ್ಯರಿಗೂ ಆಕ್ಸ್‌ಫರ್ಡಿನಲ್ಲಿ ಅಂಥದೇ ಒಂದು ಸಂದರ್ಭ ಒದಗಲಿತ್ತೆಂಬುದು ಕಾಕತಾಳೀಯ. 1924ರಲ್ಲಿ ಮುಂಬಯಿಯ ವಿಭಾಗದ ಹೊಣೆ ಹೊತ್ತ ಘುರ್ಯೆ, ಸ್ವತಃ ಹೆಚ್ಚಾಗಿ ಗ್ರಂಥಗಳ ನಡುವೆ ಕುಳಿತು ಬರೆದವರು. ಆದರೆ ಶಿಷ್ಯರನ್ನು ಹಳ್ಳಿ, ಹಾಡಿ, ಪೇಟೆಗಳಿಗೆ ಅಟ್ಟಿದವರು. ಇರಾವತಿ ಕರ್ವೆ ಅವರ ಶಿಷ್ಯೆ. ಮಾರ್ಕ್ಸ್‌ವಾದಿ ಎ. ಆರ್. ದೇಸಾಯಿ ಕೂಡ ಅವರ ಮಾರ್ಗದರ್ಶನದಲ್ಲೇ ಭಾರತೀಯ ರಾಷ್ಟ್ರೀಯತೆಯ ಸಾಮಾಜಿಕ ಹಿನ್ನೆಲೆಯ ಮೇಲೆ ಪ್ರಬಂಧ ಬರೆದರು. ತಮ್ಮ ಒಲವಿಗೆ ಹೊಂದದ ಸಿದ್ಧಾಂತದ ವಿದ್ಯಾರ್ಥಿಗೂ ಅವರ ಬಳಿ ಜಾಗವಿತ್ತೆಂಬುದಕ್ಕೆ ಇಷ್ಟು ಸಾಕು.

ಶ್ರೀನಿವಾಸರು ಎಂ.ಎ. ಪದವಿಗಾಗಿ ಮೈಸೂರಿನ ಮದುವೆ ಮತ್ತು ಕುಟುಂಬ ಪದ್ಧತಿಗಳ ಮೇಲೆ ಪ್ರಬಂಧ ಬರೆದರು. ಜೊತೆಗೆ ಕಾನೂನು ಪದವಿಯನ್ನೂ ಪಡೆದರು. ಆ ಕಾಲದ ಮಧ್ಯಮ ವರ್ಗದ ಮನೆಗಳಲ್ಲಿ ಎಲ್.ಎಲ್.ಬಿ. ಎಂಬುದು ಒಂದು ಬಗೆಯ ವಿಮೆಯಂತಿತ್ತು. ಆ ಮೊದಲ ಪ್ರಬಂಧ 1942ರಲ್ಲಿ ಪುಸ್ತಕವಾಗಿ ಬಂತು. ತನ್ನದೇ ನಾಡಿನ, ತಾನು ಕಂಡು ಬೆಳೆದ ಆಚಾರಗಳ ಬಗ್ಗೆ ಬರೆದು ಕೈ ಪಳಗಿಸಿಕೊಂಡ ಮೇಲೆ ಪಿಎಚ್.ಡಿ.ಗೆ ಅವರು ಹಿಡಿದದ್ದು ಕೊಡಗನ್ನು. ಕೊಡಗು ಆಗ ಮೈಸೂರು ಸಂಸ್ಥಾನಕ್ಕೆ ಸೇರಿರದೆ ಚೀಫ್ ಕಮಿಷನರರ ಆಡಳಿತದಲ್ಲಿದ್ದ ಪ್ರತ್ಯೇಕ ಪ್ರಾಂತ. ಮೈಸೂರಿಗೆ ಹತ್ತಿರ, ಆದರೆ ಭಾಷೆ, ಉಡುಗೆ, ಮನೆತನದ ವ್ಯವಸ್ಥೆ, ಮದುವೆಯ ವಿಧಿ ಎಲ್ಲದರಲ್ಲೂ ವಿಶಿಷ್ಟ. ಹತ್ತಿರದ್ದೂ ಹೌದು, ಹೊಸತೂ ಹೌದು. ಸಂಶೋಧಕನಿಗೆ ಇಂಥ ನೆಲ ಸುಲಭವಾಗಿ ಸಿಗುವುದಿಲ್ಲ.

1940ರಿಂದ ಅವರು ಕೊಡಗಿಗೆ ಹೋಗಿಬಂದು ಸಾಮಗ್ರಿ ಸಂಗ್ರಹಿಸತೊಡಗಿದರು. ಒಕ್ಕ, ಐನ್‌ಮನೆ, ಹಿರಿಯರ ಪೂಜೆ, ಪುತ್ತರಿ ಹಬ್ಬ, ಊರ ದೇವರ ಉತ್ಸವ, ಮಂಗಲವೆಂಬ ವಿಧಿ, ಮಡಿ ಮತ್ತು ಪೊಲೆಯ ಕಲ್ಪನೆಗಳು ಹೀಗೆ ವಿವರಗಳು ರಾಶಿ ಬಿದ್ದವು. ಹುಲಿ ಕೊಂದ ವೀರನಿಗೂ ಮದುವೆಯ ಮಾದರಿಯಲ್ಲೇ ಮಂಗಲವನ್ನು ನೆರವೇರಿಸುತ್ತಿದ್ದ ನಾಡು ಅದು. ಆದರೆ ಆರೋಗ್ಯ ಕೈಕೊಟ್ಟಿತು. ಒಂದೇ ಊರಿನಲ್ಲಿ ವರ್ಷಗಟ್ಟಲೆ ನೆಲೆಸಿ ನೋಡುವುದು ಸಾಧ್ಯವಾಗಲಿಲ್ಲ. ಈ ಕೊರತೆ ಅವರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಮುಂದೆ ತಮ್ಮ ಶಿಷ್ಯರ ಬಗ್ಗೆ ಅವರು ತೋರಿದ ಕಟ್ಟುನಿಟ್ಟಿನ ಬೇರು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಇದೇ ಅವಧಿಯಲ್ಲಿ ಘುರ್ಯೆಯವರ ಸಂಶೋಧನಾ ಸಹಾಯಕರಾಗಿ ತಮಿಳು, ತೆಲುಗು ಸೀಮೆಗಳಲ್ಲಿ ತಿರುಗಿ ಜನಪದ ಗೀತೆಗಳನ್ನು ಕಲೆಹಾಕಿ ಪ್ರಕಟಿಸಿದರು.

1944ರಲ್ಲಿ ಕೊಡಗಿನ ಮೇಲಿನ ಮಹಾಪ್ರಬಂಧ ಮುಂಬಯಿ ವಿಶ್ವವಿದ್ಯಾಲಯಕ್ಕೆ ಸಲ್ಲಿಕೆಯಾಯಿತು. ಎರಡು ಸಂಪುಟ, ಸುಮಾರು 900 ಪುಟ. ಇಂದಿಗೂ ನಮ್ಮಲ್ಲಿ ಪ್ರಬಂಧದ ತೂಕವನ್ನು ಪುಟಗಳಿಂದ ಅಳೆಯುವ ಅಭ್ಯಾಸ ಇದೆ. ಆ ಅಳತೆಯಿಂದ ನೋಡಿದರೆ ಅದೊಂದು ಮಹತ್ಸಾಧನೆ. ವಿವರ ಎಲ್ಲ ಇತ್ತು. ಆ ವಿವರಗಳನ್ನು ಒಂದಕ್ಕೊಂದು ಬಿಗಿದು ನಿಲ್ಲಿಸುವ ಬೆನ್ನೆಲುಬು ಇರಲಿಲ್ಲ. ಇದನ್ನು ಬೇರೆಯವರು ಹೇಳಬೇಕಾಗಿರಲಿಲ್ಲ. ಸ್ವತಃ ಶ್ರೀನಿವಾಸರೇ ಆ ಅತೃಪ್ತಿಯನ್ನು ಹೊತ್ತುಕೊಂಡು, ಡಾಕ್ಟರೇಟ್ ಕೈಯಲ್ಲಿದ್ದರೂ ಮತ್ತೊಮ್ಮೆ ವಿದ್ಯಾರ್ಥಿಯಾಗಲು ಹೊರಟರು. ಮಹಾಯುದ್ಧ ಮುಗಿಯುತ್ತಿದ್ದ ದಿನಗಳು. 1945ರಲ್ಲಿ ಅವರು ಆಕ್ಸ್‌ಫರ್ಡ್ ಸೇರಿದರು. ಮೂವತ್ತರ ಅಂಚಿನಲ್ಲಿ, ಪದವಿಗಳು ಬೆನ್ನಿಗಿರುವಾಗ, ಇನ್ನೊಬ್ಬರೆದುರು ಕುಳಿತು ಮೊದಲ ಪಾಠದಿಂದ ಆರಂಭಿಸುವುದಕ್ಕೆ ಎಂಥ ಮನಸ್ಸು ಬೇಕೆಂಬುದನ್ನು ನಮ್ಮಲ್ಲಿ ನೌಕರಿಯ ನಡುವೆ ಓದು ಮುಂದುವರಿಸಿದವರು ಬಲ್ಲರು.

ಆಕ್ಸ್‌ಫರ್ಡಿನಲ್ಲಿ ಸಾಮಾಜಿಕ ಮಾನವಶಾಸ್ತ್ರದ ಪೀಠದಲ್ಲಿದ್ದವರು ಎ. ಆರ್. ರ್‍ಯಾಡ್‌ಕ್ಲಿಫ್-ಬ್ರೌನ್. ಅಂಡಮಾನ್ ದ್ವೀಪವಾಸಿಗಳ ಬಗ್ಗೆ ಬರೆದ ಗ್ರಂಥದಿಂದ ಜಗತ್ಪ್ರಸಿದ್ಧರಾದವರು. ಹೊಸ ವಿಷಯ, ಹೊಸ ಪ್ರದೇಶ ಹುಡುಕುವ ಅಗತ್ಯವಿಲ್ಲ, ಕೈಯಲ್ಲಿರುವ ಕೊಡಗಿನ ಸಾಮಗ್ರಿಯನ್ನೇ ಹೊಸ ಕಣ್ಣಿನಿಂದ ನೋಡಿದರೆ ಸಾಕೆಂಬುದು ಅವರ ಸಲಹೆಯಾಗಿತ್ತು. ಮೇಲ್ನೋಟಕ್ಕೆ ಇದು ನಿರಾಸೆ ತರುವ ಸಲಹೆ. ಸಮುದ್ರ ದಾಟಿ ಬಂದ ವಿದ್ಯಾರ್ಥಿಗೆ ಹಳೆಯ ಗಂಟನ್ನೇ ಬಿಚ್ಚಿ ಮತ್ತೆ ಕಟ್ಟು ಎಂದಂತೆ. ಆದರೆ ಆ ಸಲಹೆಯ ಜೊತೆಗೆ ಒಂದು ಪ್ರಶ್ನೆಯೂ ಇತ್ತು. ಒಂದು ಸಮಾಜದ ಧಾರ್ಮಿಕ ವಿಧಿಗಳಿಗೂ ಆ ಸಮಾಜದ ರಚನೆಗೂ ಏನು ಸಂಬಂಧ? ಒಂದು ವಿಧಿಯಲ್ಲಿ ಯಾರು ಒಟ್ಟುಗೂಡುತ್ತಾರೆ, ಯಾರು ಹೊರಗುಳಿಯುತ್ತಾರೆ, ಆ ಕೂಡುವಿಕೆಯಿಂದ ಯಾವ ಬಂಧ ಬಲಗೊಳ್ಳುತ್ತದೆ?

ಈ ಪ್ರಶ್ನೆಯನ್ನು ಇಟ್ಟುಕೊಂಡು ನೋಡಿದಾಗ 900 ಪುಟಗಳ ರಾಶಿ ತಾನಾಗಿ ಸಾಲುಗೊಂಡಿತು. ಹಿರಿಯರ ಆರಾಧನೆ ಒಕ್ಕವನ್ನು ಒಂದಾಗಿ ಹಿಡಿಯುತ್ತದೆ. ಊರ ದೇವರ ಹಬ್ಬದಲ್ಲಿ ಬೇರೆ ಬೇರೆ ಜಾತಿಗಳು ತಂತಮ್ಮ ಕರ್ತವ್ಯ ನೆರವೇರಿಸಿ ಊರನ್ನು ಊರಾಗಿಸುತ್ತವೆ. ಅದಕ್ಕಿಂತ ದೊಡ್ಡದು ನಾಡಿನ ಹಬ್ಬ. ಅದರಾಚೆಗೆ ಕಾವೇರಿಯಂಥ ಪುಣ್ಯನದಿಯ ಮೂಲಕ ಕೊಡಗು ಇಡೀ ಭಾರತದ ಹಿಂದೂ ಜಗತ್ತಿಗೆ ಸೇರಿಕೊಳ್ಳುತ್ತದೆ. ಸ್ಥಳೀಯ, ಪ್ರಾದೇಶಿಕ, ಪರ್ಯಾಯದ್ವೀಪದ, ಅಖಿಲ ಭಾರತದ ಎಂಬ ಹಂತಗಳಲ್ಲಿ ಹಿಂದೂ ಧರ್ಮವನ್ನು ಕಾಣುವ ಕ್ರಮ ಹೀಗೆ ಮೂಡಿತು. ಮುಂಬಯಿಯ ಪ್ರಬಂಧದಲ್ಲಿ ಇದೇ ಸಂಗತಿಗಳು ಒಂದರ ಪಕ್ಕ ಒಂದು ಇದ್ದವು. ಇಲ್ಲಿ ಒಂದರೊಳಗಿಂದ ಒಂದು ಹುಟ್ಟಿದವು. ಸಾಮಗ್ರಿಯನ್ನು ಕೊಟ್ಟದ್ದು ಕೊಡಗು, ಅದನ್ನು ಹೊತ್ತು ತಂದ ಶ್ರಮ ಶ್ರೀನಿವಾಸರದು. ಮಾರ್ಗದರ್ಶಕರಿಂದ ಬಂದದ್ದು ಪ್ರಶ್ನೆಯೊಂದೇ. ಆದರೆ ಅದಿಲ್ಲದೆ ಉಳಿದದ್ದೆಲ್ಲ ಉಗ್ರಾಣದ ಸಾಮಾನಾಗಿತ್ತು.

ಕೆಲಸ ಹದಕ್ಕೆ ಬರುತ್ತಿದ್ದಂತೆ, 1946ರಲ್ಲಿ ರ್‍ಯಾಡ್‌ಕ್ಲಿಫ್-ಬ್ರೌನ್ ನಿವೃತ್ತರಾದರು. ಪೀಠಕ್ಕೆ ಬಂದವರು ಇ. ಇ. ಇವಾನ್ಸ್-ಪ್ರಿಚರ್ಡ್. ಸೂಡಾನಿನ ನುಯೆರ್ ಜನರ ನಡುವೆ ಕಷ್ಟದ ಕ್ಷೇತ್ರಕಾರ್ಯ ನಡೆಸಿ 1940ರಲ್ಲಿ ಹೆಸರಾಂತ ಗ್ರಂಥ ಪ್ರಕಟಿಸಿದ್ದವರು. ಶ್ರೀನಿವಾಸರ ಹೊಣೆ ಅವರಿಗೆ ವರ್ಗವಾಯಿತು. ಸಂಶೋಧನಾ ವಿದ್ಯಾರ್ಥಿಯ ಬದುಕಿನಲ್ಲಿ ಇದಕ್ಕಿಂತ ಆತಂಕದ ಗಳಿಗೆ ಕಡಿಮೆ. ಹಳೆಯ ಗುರುಗಳು ಸಮಾಜವನ್ನು ನಿಸರ್ಗ ವಿಜ್ಞಾನದ ಮಾದರಿಯಲ್ಲಿ, ನಿಯಮಗಳಿರುವ ಒಂದು ಜೀವಂತ ಶರೀರದಂತೆ ಕಂಡವರು. ಹೊಸ ಗುರುಗಳು ಆ ನಿಲುವಿನಿಂದ ದೂರ ಸರಿಯುತ್ತಿದ್ದರು. 1950ರ ತಮ್ಮ ಮ್ಯಾರೆಟ್ ಉಪನ್ಯಾಸದಲ್ಲಿ ಮಾನವಶಾಸ್ತ್ರವು ಇತಿಹಾಸಕ್ಕೆ, ಮಾನವಿಕ ವಿದ್ಯೆಗಳಿಗೆ ಹತ್ತಿರವೆಂದು ಬಹಿರಂಗವಾಗಿಯೇ ಸಾರಿದರು. ಇಂಥ ಸನ್ನಿವೇಶದಲ್ಲಿ ಎಷ್ಟೋ ಪ್ರಬಂಧಗಳು ಅರ್ಧಕ್ಕೆ ನಿಂತುಹೋಗುತ್ತವೆ, ಇಲ್ಲವೇ ಹೊಸಬರನ್ನು ಮೆಚ್ಚಿಸಲು ತಲೆಕೆಳಗಾಗುತ್ತವೆ.

ಶ್ರೀನಿವಾಸರದು ಎರಡೂ ಆಗಲಿಲ್ಲ. ಪ್ರಬಂಧದ ಚೌಕಟ್ಟು ರ್‍ಯಾಡ್‌ಕ್ಲಿಫ್-ಬ್ರೌನರ ಚಿಂತನೆಯದಾಗಿಯೇ ಉಳಿಯಿತು. ಅದನ್ನು ದಡ ಸೇರಿಸಿದವರು ಇವಾನ್ಸ್-ಪ್ರಿಚರ್ಡ್. ತಾವು ನಂಬದ ಸಿದ್ಧಾಂತದಲ್ಲಿ ಅರ್ಧ ದಾರಿ ನಡೆದುಬಂದಿದ್ದ ವಿದ್ಯಾರ್ಥಿಯನ್ನು ಹಿಂದಕ್ಕೆ ಕಳುಹಿಸದಿದ್ದುದು ಆ ಮಾರ್ಗದರ್ಶಕರ ದೊಡ್ಡತನ. ಹಿಡಿದ ಕೆಲಸವನ್ನು ಹಿಡಿದ ಕ್ರಮದಲ್ಲೇ ಮುಗಿಸಿ, ಹೊಸ ಅನುಮಾನಗಳನ್ನು ಮುಂದಿನ ಕೆಲಸಕ್ಕೆ ಇಟ್ಟುಕೊಂಡದ್ದು ವಿದ್ಯಾರ್ಥಿಯ ವಿವೇಕ. 1947ರಲ್ಲಿ ಡಿ.ಫಿಲ್. ಪದವಿ ದೊರೆಯಿತು. ಗ್ರಂಥ 1952ರಲ್ಲಿ ಆಕ್ಸ್‌ಫರ್ಡಿನ ಕ್ಲಾರೆಂಡನ್ ಪ್ರೆಸ್ಸಿನಿಂದ ಹೊರಬಂದಾಗ ಮುನ್ನುಡಿ ಬರೆದವರು ಹಳೆಯ ಗುರು ರ್‍ಯಾಡ್‌ಕ್ಲಿಫ್-ಬ್ರೌನ್. ಆ ಪುಸ್ತಕದಲ್ಲಿ ಸಿದ್ಧಾಂತದ ಬಿಗಿ ಅತಿಯಾಯಿತೆಂದು ಶ್ರೀನಿವಾಸರೇ ಮುಂದೆ ಒಪ್ಪಿಕೊಂಡರು.

ಸಂಸ್ಕೃತೀಕರಣವೆಂಬ ಮಾತು ಹುಟ್ಟಿದ್ದು ಈ ಗ್ರಂಥದಲ್ಲಿಯೇ. ಕೊಡಗಿನಲ್ಲಿ ಅಮ್ಮ ಕೊಡವರೆಂಬ ಸಣ್ಣ ಗುಂಪೊಂದು ಮಾಂಸಾಹಾರ ತ್ಯಜಿಸಿ, ಜನಿವಾರ ಧರಿಸಿ, ಉಳಿದವರಿಂದ ಪ್ರತ್ಯೇಕವಾಗಿತ್ತು. ಮುಂಬಯಿಯ ದಿನಗಳಲ್ಲೇ ಸಂಗ್ರಹಿಸಿದ್ದ ವಿವರಗಳ ನಡುವೆ ಅದೂ ಒಂದು. ಜಾತಿಯೆಂದರೆ ಅಲುಗದ ಮೆಟ್ಟಿಲುಗಳೆಂದು ಪುಸ್ತಕಗಳು ಹೇಳುತ್ತಿದ್ದವು. ಜನ ಮಾತ್ರ ಮೇಲಿನವರ ಆಚಾರಗಳನ್ನು ಹಿಡಿದು ತಲೆಮಾರುಗಳಲ್ಲಿ ಮೆಟ್ಟಿಲು ಏರುವ ಯತ್ನ ನಡೆಸಿಯೇ ಇದ್ದರು. ಕೆಳಗಿನ ಜಾತಿಗಳು ಅನುಸರಿಸುವುದು ಬ್ರಾಹ್ಮಣರ ಮಾದರಿಯನ್ನೇ ಎಂಬ ಧಾಟಿ ಮೊದಲ ಬರವಣಿಗೆಯಲ್ಲಿತ್ತು. ಟೀಕೆ ಬಂತು. ಕ್ಷತ್ರಿಯ, ವೈಶ್ಯ ಮಾದರಿಗಳೂ ಉಂಟು, ಸ್ಥಳೀಯ ಪ್ರಬಲ ಜಾತಿಯೇ ಮಾದರಿಯಾಗುವುದೂ ಉಂಟು ಎಂದು ಅವರು ತಿದ್ದಿಕೊಂಡರು. 1966ರ ಗ್ರಂಥದಲ್ಲಿ ಈ ತಿದ್ದುಪಡಿ ವಿವರವಾಗಿದೆ.

ಇವಾನ್ಸ್-ಪ್ರಿಚರ್ಡರಿಂದ ದೊರೆತ ನಿಜವಾದ ಕೊಡುಗೆ ಡಾಕ್ಟರೇಟಿನ ನಂತರದ್ದು. ಆಕ್ಸ್‌ಫರ್ಡಿನಲ್ಲಿ ಭಾರತೀಯ ಸಮಾಜಶಾಸ್ತ್ರದ ಉಪನ್ಯಾಸಕ ಹುದ್ದೆಗೆ ಶ್ರೀನಿವಾಸರನ್ನು ಆಯ್ಕೆ ಮಾಡಿಸಿದ ಅವರು, ಮೊದಲ ವರ್ಷ ಪಾಠ ಹೇಳಬೇಕಿಲ್ಲ, ಹಳ್ಳಿಯೊಂದರಲ್ಲಿ ಕುಳಿತು ಕ್ಷೇತ್ರಕಾರ್ಯ ಮಾಡಿ ಬರಬಹುದೆಂದು ಅನುವು ಮಾಡಿಕೊಟ್ಟರು. ಕೊಡಗಿನಲ್ಲಿ ತಪ್ಪಿಹೋಗಿದ್ದುದು ಇದೇ ತಾನೆ! ಮೂವತ್ತೊಂದರ ವಯಸ್ಸಿನ ಶ್ರೀನಿವಾಸರು 1948ರ ಆದಿಯಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದಕ್ಕೆ ಅಡುಗೆಯವನನ್ನೂ ರಾಶಿ ಸಾಮಾನನ್ನೂ ಹೊತ್ತು ಬಂದಿಳಿದರು. ಬರವಣಿಗೆಯಲ್ಲಿ ಅವರು ಆ ಊರಿಗೆ ಕೊಟ್ಟ ಹೆಸರು ರಾಂಪುರ. ಊರ ಪಟೇಲರು ತಮ್ಮ ಎತ್ತುಗಳನ್ನು ಕಟ್ಟುವ ಮನೆಯಲ್ಲಿ ಅವರಿಗೆ ಬಿಡಾರ ಮಾಡಿಕೊಟ್ಟರು.

ಈ ಹಳ್ಳಿಯಲ್ಲಿ ಸಂಶೋಧಕರು ಊರನ್ನು ನೋಡಿದ್ದಕ್ಕಿಂತ ಊರೇ ಸಂಶೋಧಕರನ್ನು ಹೆಚ್ಚು ನೋಡಿತು. ಒಮ್ಮೆ ಶ್ರೀನಿವಾಸರು ಸ್ನಾನವಾದ ಮೇಲೆ ಕ್ಷೌರ ಮಾಡಿಕೊಂಡದ್ದನ್ನು ಕಂಡ ಪಟೇಲರು, ಬ್ರಾಹ್ಮಣರಾದವರು ಹೀಗೆ ಮಾಡಬಹುದೇ ಎಂದು ಆಕ್ಷೇಪಿಸಿದರು. ಆಕ್ಸ್‌ಫರ್ಡಿನ ಪದವೀಧರರು ತಮ್ಮದೇ ಜಾತಿಯ ಆಚಾರವನ್ನು ಒಕ್ಕಲಿಗ ಹಿರಿಯರಿಂದ ಕಲಿಯಬೇಕಾಯಿತು. ಈ ಸಣ್ಣ ಘಟನೆಯಲ್ಲಿ ಮಡಿಯ ಕಲ್ಪನೆ, ಜಾತಿಗಳು ಪರಸ್ಪರರಿಂದ ಏನನ್ನು ನಿರೀಕ್ಷಿಸುತ್ತವೆ ಎಂಬ ಸೂಕ್ಷ್ಮ, ಭೂಮಿಯ ಒಡೆತನವಿರುವ ಜಾತಿಗೆ ಊರಿನಲ್ಲಿರುವ ಅಧಿಕಾರ ಎಲ್ಲವೂ ಅಡಗಿವೆ. ಶಾಸ್ತ್ರದ ಪ್ರಕಾರ ಮೇಲೆ ಇರುವವರು ಬ್ರಾಹ್ಮಣರು. ಊರು ನಡೆಯುತ್ತಿದ್ದುದು ಸಂಖ್ಯೆ, ಜಮೀನು, ಅಂಕೆ ಮೂರನ್ನೂ ಹೊಂದಿದ್ದ ಒಕ್ಕಲಿಗ ಮುಖಂಡರ ಮಾತಿನಿಂದ. ಪ್ರಬಲ ಜಾತಿಯ ಪರಿಕಲ್ಪನೆ ಈ ನೆಲದಲ್ಲಿ ಬೆಳೆಯಿತು. ಗ್ರಂಥದೊಳಗಿನ ಸಮಾಜ ಬೇರೆ, ಕಣ್ಣೆದುರಿನ ಸಮಾಜ ಬೇರೆ ಎಂಬ ಭೇದ ಅವರ ಬರವಣಿಗೆಯ ಸೂತ್ರವಾಯಿತು. 1952ರ ಬೇಸಗೆಯಲ್ಲಿ ಮತ್ತೊಮ್ಮೆ ಆ ಊರಿಗೆ ಹೋಗಿಬಂದರು. ಪಟೇಲರ ಆಶ್ರಯದಲ್ಲಿದ್ದುದರಿಂದ ತಮಗೆ ಕಂಡದ್ದು ಹೆಚ್ಚಾಗಿ ಮೇಲುಜಾತಿಯವರ ಕಣ್ಣಿನ ಊರು, ದಲಿತರ ಕೇರಿಯಿಂದ ನೋಡಿದ್ದರೆ ಚಿತ್ರ ಬೇರೆಯಾಗುತ್ತಿತ್ತು ಎಂಬುದನ್ನು ಅವರು ಮರೆಮಾಚಲಿಲ್ಲ. ವಿಮರ್ಶಕರು ಈ ಮಿತಿಯನ್ನು ಎತ್ತಿ ಆಡಿದ್ದಾರೆ. ಆಡಿದ್ದು ನ್ಯಾಯವೇ.

1951ರಲ್ಲಿ ಆಕ್ಸ್‌ಫರ್ಡಿನ ಹುದ್ದೆ ಬಿಟ್ಟು ಅವರು ಬರೋಡದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯಕ್ಕೆ ಬಂದರು. ಹೊಸ ವಿಭಾಗ, ಬೇಕಾದಂತೆ ಕಟ್ಟುವ ಸ್ವಾತಂತ್ರ್ಯವಿತ್ತು. 1959ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಶಾಲೆಯಲ್ಲಿ ಸಮಾಜಶಾಸ್ತ್ರ ವಿಭಾಗವನ್ನು ತೆರೆಯಲು ಹೋದರು. ಆಗ ಅಲ್ಲಿ ಕುಲಪತಿಗಳಾಗಿದ್ದವರು ಡಾ. ವಿ. ಕೆ. ಆರ್. ವಿ. ರಾವ್. ಈಗ ಶ್ರೀನಿವಾಸರು ಮೇಜಿನ ಆಚೆ ಬದಿಗೆ ಬಂದಿದ್ದರು.

ಅವರ ಮಾರ್ಗದರ್ಶನದಲ್ಲಿ ಒಂದು ನಿಯಮ ಸಡಿಲವಾಗುತ್ತಿರಲಿಲ್ಲ. ಸಂಶೋಧಕ ಕ್ಷೇತ್ರಕ್ಕೆ ಹೋಗಬೇಕು, ಜನರ ಭಾಷೆಯಲ್ಲಿ ಮಾತನಾಡಬೇಕು, ಋತುಗಳೆಲ್ಲ ಒಂದು ಸುತ್ತು ಬರುವಷ್ಟಾದರೂ ಅಲ್ಲಿರಬೇಕು. ಬಿತ್ತನೆಯಲ್ಲಿ ಕಂಡ ಊರು ಸುಗ್ಗಿಯಲ್ಲಿ ಬೇರೆ, ಮದುವೆಗಳ ಕಾಲದಲ್ಲಿ ಮತ್ತೂ ಬೇರೆ. ಪ್ರಶ್ನಾವಳಿ ಹಂಚಿ ಹದಿನೈದು ದಿನದಲ್ಲಿ ಹಿಂತಿರುಗುವ ಸಮೀಕ್ಷೆಗಳ ಬಗ್ಗೆ ಅವರಿಗೆ ಹೆಚ್ಚಿನ ಗೌರವವಿರಲಿಲ್ಲ. ಆದರೆ ಎಲ್ಲಿಗೆ ಹೋಗಬೇಕು, ಏನನ್ನು ನೋಡಬೇಕು ಎಂಬಲ್ಲಿ ಬಿಗಿಯಿರಲಿಲ್ಲ. ಎಲ್ಲರೂ ಇನ್ನೊಂದು ರಾಂಪುರವನ್ನೇ ಬರೆಯಬೇಕೆಂದು ಅವರು ಹಟ ಹಿಡಿಯಲಿಲ್ಲ. ಕಲ್ಕತ್ತೆಯ ಕಡೆಯಿಂದ ಬಂದ ಆಂದ್ರೆ ಬೆತೈ ತಂಜಾವೂರು ಜಿಲ್ಲೆಯ ಹಳ್ಳಿಯೊಂದರ ಅಗ್ರಹಾರದಲ್ಲಿ ಬಿಡಾರ ಹೂಡಿ ಜಾತಿ, ವರ್ಗ, ಅಧಿಕಾರಗಳು ಹೇಗೆ ಒಂದರಿಂದೊಂದು ಬಿಡಿಸಿಕೊಳ್ಳುತ್ತಿವೆ ಎಂಬುದನ್ನು ಬರೆದರು. ಆ ಪುಸ್ತಕ 1965ರಲ್ಲಿ ಬಂತು. ಬಿ. ಎಸ್. ಬಾವಿಸ್ಕರ್ ಮಹಾರಾಷ್ಟ್ರದ ಸಹಕಾರಿ ಸಕ್ಕರೆ ಕಾರ್ಖಾನೆಗಳ ರಾಜಕೀಯವನ್ನು ಹಿಡಿದರು. ಬರೋಡದ ದಿನಗಳಿಂದ ಜೊತೆಗಿದ್ದ ಎ. ಎಂ. ಷಾ ಗುಜರಾತಿನ ಕುಟುಂಬ ವ್ಯವಸ್ಥೆಯನ್ನೂ ವಂಶಾವಳಿ ಬರೆಯುವ ಬಾರೋಟರ ಕಡತಗಳನ್ನೂ ಅಭ್ಯಾಸ ಮಾಡಿದರು. ಇವೆಲ್ಲಕ್ಕಿಂತ ಕುತೂಹಲಕರವಾದದ್ದು ವೀಣಾ ದಾಸ್ ಅವರ ಪ್ರಬಂಧ. ಗ್ರಂಥದ ನೋಟ ಬೇಡ, ಕ್ಷೇತ್ರದ ನೋಟ ಬೇಕು ಎಂದು ಜೀವನವಿಡೀ ವಾದಿಸಿದ ಗುರುಗಳ ಕೈಕೆಳಗೆ ಅವರು ಸಂಸ್ಕೃತ ಪುರಾಣವೊಂದನ್ನು ಮುಂದಿಟ್ಟುಕೊಂಡು ಜಾತಿ ಮತ್ತು ವಿಧಿಗಳ ವಿಶ್ಲೇಷಣೆ ನಡೆಸಿದರು. ಶ್ರೀನಿವಾಸರು ತಡೆಯಲಿಲ್ಲ. ಇವಾನ್ಸ್-ಪ್ರಿಚರ್ಡ್ ತಮ್ಮ ವಿಷಯದಲ್ಲಿ ತೋರಿದ್ದ ಔದಾರ್ಯದ ಸಾಲವನ್ನು ಅವರು ತೀರಿಸಿದ್ದು ಹೀಗೆ ಎನ್ನಬಹುದೇನೋ.

ರಾಂಪುರದ ಬಗ್ಗೆ ಬಿಡಿ ಲೇಖನಗಳು ಬರುತ್ತಿದ್ದವು. ಮುಖ್ಯ ಗ್ರಂಥ ಮಾತ್ರ ಹಿಂದೆ ಬಿದ್ದಿತ್ತು. ವಿಭಾಗ ಕಟ್ಟುವವರ ಸ್ವಂತ ಬರವಣಿಗೆಯ ಗತಿ ಎಲ್ಲೆಡೆಯೂ ಇದೇ. ಸಂಗ್ರಹಿಸಿದ ಟಿಪ್ಪಣಿಗಳನ್ನು ವಿಷಯವಾರು ವಿಂಗಡಿಸಿ ಸಂಸ್ಕರಿಸುವ ಕೆಲಸ ಹದಿನೆಂಟು ವರ್ಷ ನಿಧಾನವಾಗಿ ನಡೆದು ಮೂರು ಪ್ರತಿಗಳು ಸಿದ್ಧವಾಗಿದ್ದವು. ಕೊನೆಗೂ ಬರೆದು ಮುಗಿಸಲೆಂದು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದ ಉನ್ನತ ಅಧ್ಯಯನ ಕೇಂದ್ರಕ್ಕೆ ಹೋದರು. ಮೂರೂ ಪ್ರತಿಗಳು ಅವರ ಅಭ್ಯಾಸದ ಕೋಣೆಯಲ್ಲಿದ್ದವು. ವಿಯೆಟ್ನಾಂ ಯುದ್ಧದ ವಿರುದ್ಧದ ಪ್ರತಿಭಟನೆಗಳಿಂದ ಅಲ್ಲಿನ ಆವರಣಗಳು ಕುದಿಯುತ್ತಿದ್ದ ಕಾಲ. ಏಪ್ರಿಲ್ 24ರಂದು ಯಾರೋ ಕಟ್ಟಡಕ್ಕೆ ಬೆಂಕಿ ಇಟ್ಟರು. ಮೂರು ಪ್ರತಿಗಳೂ ಸುಟ್ಟುಹೋದವು.

ಪ್ರತಿಗಳನ್ನು ಬೇರೆ ಬೇರೆ ಕಡೆ ಇಡಬೇಕೆಂಬ ಸರಳ ಎಚ್ಚರಿಕೆಯನ್ನು, ಶಿಷ್ಯರಿಗೆ ಇಷ್ಟೆಲ್ಲ ಶಿಸ್ತು ಕಲಿಸಿದವರೂ ಮರೆತಿದ್ದರು. ಮೂಲ ದಿನಚರಿಗಳು ಪುಣ್ಯಕ್ಕೆ ದೆಹಲಿಯಲ್ಲಿ ಉಳಿದಿದ್ದವು. ಆದರೆ ಹದಿನೆಂಟು ವರ್ಷದ ಸಂಸ್ಕರಣೆ ಬೂದಿಯಾಗಿತ್ತು. ಆ ಹೊತ್ತಿನಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್, ಟಿಪ್ಪಣಿಗಳ ಹಂಗಿಲ್ಲದೆ ನೆನಪಿನಿಂದಲೇ ಆ ಊರನ್ನು ಬರೆಯಬಹುದಲ್ಲವೇ ಎಂದು ಸೂಚಿಸಿದರು. ಐವತ್ತಮೂರರ ಹರೆಯದಲ್ಲಿ, ದೇಶದ ಹಿರಿಯ ಪ್ರಾಧ್ಯಾಪಕರಾಗಿದ್ದವರು, ಇನ್ನೊಬ್ಬರ ಸಲಹೆಯನ್ನು ವಿದ್ಯಾರ್ಥಿಯಂತೆ ಸ್ವೀಕರಿಸಿ ಬರೆಯಲು ಕುಳಿತರು. 1976ರಲ್ಲಿ ಪ್ರಕಟವಾದ ಆ ಗ್ರಂಥಕ್ಕೆ ನೆನಪಿನ ಹಳ್ಳಿ ಎಂಬರ್ಥದ ಹೆಸರು. ಕೋಷ್ಟಕಗಳಿಲ್ಲದ, ಮನುಷ್ಯರಿಂದ ತುಂಬಿದ ಪುಸ್ತಕ ಅದು. ಪಟೇಲರು, ನಾಡುಗೌಡರು, ಸಹಾಯಕನಾಗಿ ಬಂದು ತಲೆನೋವೂ ಆದ ಕುಳ್ಳೇಗೌಡ ಇವರೆಲ್ಲ ಅಲ್ಲಿ ಕಾದಂಬರಿಯ ಪಾತ್ರಗಳಂತೆ ಓಡಾಡುತ್ತಾರೆ. ಶ್ರೀನಿವಾಸರ ಮಿತ್ರರಾಗಿದ್ದ ಮೈಸೂರಿನ ಆರ್. ಕೆ. ನಾರಾಯಣರ ನೆನಪು ಓದುವಾಗ ಬಾರದಿರದು. ಟಿಪ್ಪಣಿಗಳು ಉಳಿದಿದ್ದರೆ ಈ ಪುಸ್ತಕದ ಬದಲು ಇನ್ನೂ ದಪ್ಪನೆಯ, ಇನ್ನೂ ಒಣ ಗ್ರಂಥವೊಂದು ನಮಗೆ ದೊರೆಯುತ್ತಿತ್ತೇನೋ. ಆದರೂ ಆ ಬೆಂಕಿಯನ್ನು ವರವೆಂದು ಕರೆಯಲು ನನಗೆ ಮನಸ್ಸು ಬಾರದು.

ಮುಂಬಯಿಯ ಗುರುಗಳೊಂದಿಗಿನ ಸಂಬಂಧ ಮಾತ್ರ ಕೊನೆಯವರೆಗೂ ಸರಳವಾಗಲಿಲ್ಲ. ಘುರ್ಯೆಯವರಿಗೆ ಶಾಸ್ತ್ರಗ್ರಂಥಗಳಿಲ್ಲದೆ ಭಾರತೀಯ ಸಮಾಜ ಅರ್ಥವಾಗದು. ಶಿಷ್ಯರಿಗೆ ಅವುಗಳ ಭಾರ ಇಳಿಸದೆ ಅದು ಕಾಣದು. ಭಿನ್ನಾಭಿಪ್ರಾಯ ಮುಚ್ಚುಮರೆಯದಾಗಿರಲಿಲ್ಲ. ಹೆಚ್ಚಿನವರು ಶ್ರೀನಿವಾಸರನ್ನು ಆಕ್ಸ್‌ಫರ್ಡಿನ ಕೂಸೆಂದೇ ಎಣಿಸುತ್ತಾರೆ. ಆದರೆ ಕೊಡಗಿನ ಬೆಟ್ಟಗಳಲ್ಲಿ ಅಲೆದು ತಂದ ಸಾಮಗ್ರಿ ಮುಂಬಯಿಯ ವರ್ಷಗಳ ಫಲ. ಹೋಗಿ ನೋಡಿ ಬರೆ ಎಂದು ಅಟ್ಟಿದವರಿಲ್ಲದಿದ್ದರೆ ಆಕ್ಸ್‌ಫರ್ಡಿನಲ್ಲಿ ಬಿಚ್ಚಲು ಗಂಟೇ ಇರುತ್ತಿರಲಿಲ್ಲ. ಘುರ್ಯೆ 1983ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.

ಶ್ರೀನಿವಾಸರು 1972ರಲ್ಲಿಯೇ ಬೆಂಗಳೂರಿಗೆ ಮರಳಿದ್ದರು. ವಿ. ಕೆ. ಆರ್. ವಿ. ರಾವ್ ಅವರು ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನ ಸಂಸ್ಥೆಯಲ್ಲಿ 1979ರವರೆಗೆ, ಅನಂತರದ ವರ್ಷಗಳಲ್ಲಿ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಕೆಲಸ ಮಾಡಿದರು. 1976ರಲ್ಲಿ ಹಕ್ಸ್‌ಲಿ ಪದಕ, 1977ರಲ್ಲಿ ಪದ್ಮಭೂಷಣ ಬಂದವು. 1979ರಲ್ಲಿ ಷಾ ಮತ್ತು ಇ. ಎ. ರಾಮಸ್ವಾಮಿಯವರ ಜೊತೆಗೂಡಿ, ಕ್ಷೇತ್ರಕ್ಕೆ ಹೋದ ಸಂಶೋಧಕರು ತಮ್ಮ ಎಡವಟ್ಟುಗಳನ್ನೂ ಸಂಕಟಗಳನ್ನೂ ತಾವೇ ಬರೆದುಕೊಂಡ ಲೇಖನಗಳ ಸಂಪುಟವೊಂದನ್ನು ಹೊರತಂದರು. ಎಂಬತ್ತು ದಾಟಿದ ಮೇಲೂ, 1997ರಲ್ಲಿ, ಭಾರತದಲ್ಲಿದ್ದುಕೊಂಡು ತನ್ನದೇ ಸಮಾಜವನ್ನು ಅಭ್ಯಾಸ ಮಾಡುವುದೆಂದರೇನು ಎಂಬುದರ ಮೇಲೆ ದೀರ್ಘ ಲೇಖನ ಬರೆದರು. 1999ರ ನವೆಂಬರ್ 30ರಂದು ಬೆಂಗಳೂರಿನಲ್ಲಿ ನಿಧನರಾದರು. ಎಂಬತ್ತಮೂರು ತುಂಬಿ ಎರಡು ವಾರವಾಗಿತ್ತು.